ಅರೆ ಪೈಸೆ ಯಾರ ಪಾಲು

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾಯಿತು. ಅಲ್ಲಿಯವರೆಗೆ ಅದಕ್ಕೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಕೆಲವು ವರ್ಷ ಜತೆಜತೆಗೇ ಚಲಾವಣೆಯಲ್ಲಿದ್ದುದರಿಂದ ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಕೋಷ್ಟಕ ಬೇಕಾಯಿತು. ಒಂದಾಣೆಗೆ 6 ನಯಾಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25, ಹೀಗೆ ಆ ಕೋಷ್ಟಕ ಸಾಗುತ್ತದೆ. ಒಂದಾಣೆಯ ನಿಜವಾದ ಬೆಲೆ ಆರೂಕಾಲು ಪೈಸೆ, ಎರಡಾಣೆಯದು ಹನ್ನೆರಡೂವರೆ, ಮೂರಾಣೆಯದು ಹದಿನೆಂಟೂಮುಕ್ಕಾಲು. ಕಾಲನ್ನು ಬಿಟ್ಟು ಮುಕ್ಕಾಲನ್ನು ಒಂದಾಗಿಸಿದ್ದಕ್ಕೆ ಯಾರೂ ತಕರಾರು ಎತ್ತಲಾರರು. ಹತ್ತಿರದ ಪೂರ್ಣಾಂಕ ಯಾವುದು ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಅರೆಯ ಸಂಗತಿ ಹಾಗಲ್ಲ. ಅದು ಎರಡೂ ಕಡೆಗೆ ಸಮದೂರ. ಎರಡಾಣೆ, ಆರಾಣೆ, ಹತ್ತಾಣೆ, ಹದಿನಾಲ್ಕಾಣೆ ಈ ನಾಲ್ಕರಲ್ಲೂ ಅರೆ ಪೈಸೆ ಉಳಿಯುತ್ತದೆ, ಕೋಷ್ಟಕದಲ್ಲಿ ಅವು 12, 37, 62, 87 ಆಗಿವೆ. ನಾಲ್ಕು ಕಡೆಯೂ ಅರೆಯನ್ನು ಕೆಳಕ್ಕೇ ಇಳಿಸಿದ್ದಾರೆ. ಹೀಗೇ ಇಳಿಸಬೇಕೆಂದು ಗಣಿತವೇನೂ ಹೇಳುವುದಿಲ್ಲ. ಅದು ಯಾರೋ ಕೂತು ಮಾಡಿದ ತೀರ್ಮಾನ.

ಈ ತೀರ್ಮಾನದ ಚರಿತ್ರೆಯನ್ನು ತೆಂಗಿನ ಸೀಮೆಯಿಂದ ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರ ಕಿಬ್ಬನಹಳ್ಳಿ. ಅದರ ಕ್ರಾಸಿನಲ್ಲಿ ಬೆಂಗಳೂರು–ಹೊನ್ನಾವರ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ಅಡ್ಡ ಹಾಯುತ್ತದೆ, ಮೂರು ತಾಲ್ಲೂಕಿನ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಈ ದಾರಿಗಳಲ್ಲೇ ಹೋಗುತ್ತದೆ. ಇಲ್ಲಿಯದು ಎಣ್ಣೆಗಾಣಕ್ಕೆ ಹೋಗುವ ಹೋಳು ಕೊಬ್ಬರಿಯಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಗಿಟುಕು ಹಾಳಾಗದಂತೆ ತೆಗೆದು ಚೀಲ ತುಂಬಬೇಕು. ದಿನಾ ಹಾಲು ಅಳೆಯುವವನಿಗೆ ಇಂದಿನ ಲೋಪವನ್ನು ನಾಳೆ ಸರಿಮಾಡಿಕೊಳ್ಳಲು ಅವಕಾಶವಿದೆ. ವರ್ಷದ ಬೆಳೆಯನ್ನು ಕೆಲವೇ ಸಲ ತಕ್ಕಡಿಗೆ ಹಾಕುವ ಕೊಬ್ಬರಿ ರೈತನಿಗೆ ಅದಿಲ್ಲ. ತೂಕವನ್ನು ಧಾರಣೆಯಿಂದ ಗುಣಿಸಿ, ಬಂದ ಮೊತ್ತದಿಂದ ಹಮಾಲಿ ಮುಂತಾದ ಖರ್ಚು ಕಳೆದು, ಪಟ್ಟಿ ಕೈಗೆ ಬರುವಷ್ಟರಲ್ಲಿ ಅಂಕಿಗಳನ್ನು ಮೂರು ನಾಲ್ಕು ಕಡೆ ಮೊಟಕು ಮಾಡಿರುತ್ತಾರೆ. ನನ್ನ ವಾದ ಇಷ್ಟು: ಲೆಕ್ಕದಲ್ಲಿ ಉಳಿಯುವ ಚೂರು ಎಂದೂ ಮಾಯವಾಗುವುದಿಲ್ಲ, ಅದು ಒಬ್ಬರ ಪಾಲಿಗೆ ಹೋಗಿಯೇ ಹೋಗುತ್ತದೆ. ಯಾರ ಪಾಲಿಗೆ ಎಂಬುದನ್ನು ನಿರ್ಧರಿಸುವುದು ಅಂಕಗಣಿತವಲ್ಲ, ಮಾರುಕಟ್ಟೆಯ ಕಟ್ಟಳೆ. ಆ ಕಟ್ಟಳೆ ಎಲ್ಲರ ಕಣ್ಣಿಗೆ ಕಾಣುವಂತಿದ್ದಾಗ ಬೆಳೆಗಾರ ಉಳಿದಿದ್ದಾನೆ, ಮರೆಗೆ ಸರಿದಾಗ ಕಳೆದುಕೊಂಡಿದ್ದಾನೆ.

ಹಳೆಯ ಕನ್ನಡ ಲೆಕ್ಕದ ಹಾದಿಯೇ ಬೇರೆ ಇತ್ತು. ಶಾಸನಗಳಲ್ಲಿ ಗದ್ಯಾಣ, ಪಣಗಳ ಕೆಳಗೆ ಅಡ್ಡ, ಹಾಗ, ವೀಸಗಳು ಬರುತ್ತವೆ. ಪಣದ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ಎಲ್ಲವೂ ಅರ್ಧದ ಅರ್ಧ, ಅದರ ಅರ್ಧ. ರೂಪಾಯಿಗೆ ಹದಿನಾರು ಆಣೆ ಎಂಬುದೂ ಇದೇ ಜಾಯಮಾನದ್ದು, ಕಡತದಲ್ಲಿ ಕಾಲಿಗೊಂದು ನಿಂತ ಗೆರೆ, ಆಣೆಗೊಂದು ಮಲಗಿದ ಗೆರೆ ಎಳೆಯುವ ಪದ್ಧತಿಯೂ ಅದಕ್ಕೆ ಒಪ್ಪುವಂಥದ್ದು. ರಾಶಿಯನ್ನು ಇಬ್ಬರಿಗೆ, ನಾಲ್ವರಿಗೆ, ಎಂಟು ಮಂದಿಗೆ ಹಂಚುವ ಊರಿನಲ್ಲಿ ಇಂಥ ಲೆಕ್ಕ ಚೂರೂ ಉಳಿಸದೆ ಮುಗಿಯುತ್ತದೆ. ಭಿನ್ನರಾಶಿಗಳನ್ನು ಭಿನ್ನರಾಶಿಗಳಾಗಿಯೇ ಇಟ್ಟುಕೊಂಡು ಕೊನೆಯವರೆಗೆ ಹೋಗುವ ಶಿಸ್ತು ಈ ನಾಡಿನ ಗಣಿತದಲ್ಲಿ ಆಳವಾಗಿ ಬೇರೂರಿತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ ಭಿನ್ನರಾಶಿಗಳಿಗೆ ವಿಸ್ತಾರವಾದ ಜಾಗ ಕೊಡುತ್ತದೆ. ಒಂದನ್ನು ಬೇರೆ ಬೇರೆ ಏಕಾಂಶ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಸೂತ್ರಗಳು ಅದರಲ್ಲಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದಾಗ ಗ್ರಂಥಕ್ಕೆ ವ್ಯವಹಾರಗಣಿತ ಎಂದೇ ಹೆಸರಿಟ್ಟ. ಸಂತೆ ಮಾಳದ ಲೆಕ್ಕ ಪಂಡಿತರ ಗಮನಕ್ಕೆ ಯೋಗ್ಯವಾದ ವಿಷಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹಳೆಯದೇ ಚೆನ್ನಾಗಿತ್ತು, ದಶಮಾಂಶ ಬಂದು ಕೆಡಿಸಿತು ಎನ್ನಬಹುದೇ? ಈ ಮಾತನ್ನು ನಾನು ಒಪ್ಪುವುದಿಲ್ಲ. ಹಂಚಿಕೆ ನಿಖರವಾಗಿತ್ತು ನಿಜ, ಹಂಚುವ ವಸ್ತುವಿನ ಅಳತೆ ನಿಖರವಾಗಿರಲಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ತಿರುಗಾಡಿ, ಈ ಭಾಗದ ತೆಂಗು ಅಡಿಕೆ ತೋಟಗಳನ್ನೂ ಕಂಡು ಬರೆದ ವರದಿಯಲ್ಲಿ ಊರಿಂದೂರಿಗೆ ಬದಲಾಗುವ ತೂಕ ಅಳತೆಗಳ ವಿವರ ಮತ್ತೆ ಮತ್ತೆ ಬರುತ್ತದೆ. ಹಳೆ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು, ಅಂದರೆ 24 ತೊಲದ್ದು, ಅಂಥ 40 ಸೇರಿಗೆ ಒಂದು ಮಣ. ಬ್ರಿಟಿಷ್ ಸರ್ಕಾರ ಮತ್ತು ರೈಲ್ವೆ ಬಳಸಿದ ಮಣಕ್ಕೂ 40 ಸೇರೇ, ಆದರೆ ಸೇರು 80 ತೊಲದ್ದು. ಒಂದು ಸುಮಾರು 11 ಕಿಲೋ 197 ಗ್ರಾಂ, ಇನ್ನೊಂದು 37 ಕಿಲೋ 324 ಗ್ರಾಂ. ಬೆಂಗಳೂರಿನಿಂದ ತಿಪಟೂರು ಹಾದು ಹರಿಹರದವರೆಗೆ ರೈಲು ಹಳಿ 1889ರಲ್ಲಿ ಪೂರ್ತಿಯಾದ ಮೇಲೆ ಇಲ್ಲಿಯ ಸರಕಿಗೆ ದೂರದ ಪೇಟೆಗಳು ಸುಲಭವಾದವು. ಊರಿನಲ್ಲಿ ಒಂದು ಮಣ, ರೈಲಿನ ಬಾಡಿಗೆಗೆ ಇನ್ನೊಂದು ಮಣ. ಈ ಎರಡರ ನಡುವಿನ ಅನುಪಾತ ನೋಡಿ: 3,200 ತೊಲಕ್ಕೆ 960 ತೊಲ. ಅಂದರೆ ಒಂದು ರೈಲ್ವೆ ಮಣಕ್ಕೆ ಮೂರು ಕಚ್ಚಾ ಮಣ, ಮೇಲೊಂದು ಮಣದ ಮೂರನೆಯ ಒಂದು ಪಾಲು. ಕಾಲು, ಅರೆ, ಮುಕ್ಕಾಲುಗಳ ಲೆಕ್ಕದಲ್ಲಿ ಮೂರನೆಯ ಒಂದಕ್ಕೆ ಜಾಗವೇ ಇಲ್ಲ. ವೀಸದ ಎಷ್ಟೇ ಸಣ್ಣ ಚೂರಿಗೆ ಇಳಿದರೂ ಅದು ಸಿಗುವುದಿಲ್ಲ. ಅಲ್ಲಿ ಚೂರು ಉಳಿಯಲೇಬೇಕು, ಉಳಿದದ್ದು ಲೆಕ್ಕ ಬರೆಯುವವನ ಕಡೆಗೆ ವಾಲಲು ಅಡ್ಡಿ ಮಾಡುವವರಿರಲಿಲ್ಲ. ಕೊಳ್ಳುವವನು ಕೊಸರು ಕೇಳುತ್ತಿದ್ದ, ಮಂಡಿಯಲ್ಲಿ ಸೂಟು ಎಂದು ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳುವ ರೂಢಿಯಿತ್ತು. ಇವೆಲ್ಲ ಬೆಲೆಯ ಭಾಗವೇ, ಬೆಲೆಯ ಹೆಸರಿನಲ್ಲಿ ಮಾತ್ರ ಇರಲಿಲ್ಲ.

ಆದ್ದರಿಂದ 1950ರ ದಶಕದ ಸುಧಾರಣೆಯನ್ನು ನಾನು ಈ ಸೀಮೆಗೆ ಆದ ದೊಡ್ಡ ಉಪಕಾರ ಎಂದೇ ಎಣಿಸುತ್ತೇನೆ. 1955ರಲ್ಲಿ ನಾಣ್ಯ ಕಾಯ್ದೆಗೆ ತಿದ್ದುಪಡಿಯಾಯಿತು. 1956ರಲ್ಲಿ ತೂಕ ಅಳತೆಗಳ ಮಾನಕ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತ ಹಂತವಾಗಿ ಪೇಟೆಗಿಳಿದು, 1962ರ ಏಪ್ರಿಲ್ ಹೊತ್ತಿಗೆ ದೇಶವಿಡೀ ಕಡ್ಡಾಯವಾದವು. ಮಣ ಯಾವ ಊರಿನದು ಎಂದು ಕೇಳುವ ಕಾಲ ಕಾನೂನಿನ ಮಟ್ಟಿಗಾದರೂ ಮುಗಿಯಿತು. ಸಂಧಿಕಾಲದಲ್ಲಿ ಮಾತ್ರ ಬಾಯಿಲೆಕ್ಕದ ಅಪಾಯವಿತ್ತು. ಕಚ್ಚಾ ಸೇರು ಸುಮಾರು 280 ಗ್ರಾಂ. ಮೂರೂವರೆ ಸೇರಿಗೆ ಒಂದು ಕಿಲೋ ಎಂದು ಹಿಡಿದರೆ ಕಿಲೋಗೆ ಇಪ್ಪತ್ತು ಗ್ರಾಂ, ಕ್ವಿಂಟಾಲಿಗೆ ಎರಡು ಕಿಲೋ ಆಚೀಚೆ. ನಾಣ್ಯದ ಕೋಷ್ಟಕದಲ್ಲೂ ಹಾಗೆಯೇ. ಕಾಲಾಣೆ, ಅಂದರೆ ಮೂರು ಕಾಸು, ಒಂದೂವರೆಗಿಂತ ತುಸು ಮೇಲಾದ್ದರಿಂದ 2 ನಯಾಪೈಸೆಯಾಗುತ್ತದೆ. ಮೂರು ಕಾಸಿನ ಸಾಮಾನನ್ನು ನಾಲ್ಕು ಸಲ ಕೊಂಡವನು 8 ಪೈಸೆ ಕೊಡುತ್ತಾನೆ. ಅದನ್ನೇ ಒಂದಾಣೆಗೆ ಒಟ್ಟಿಗೆ ಕೊಂಡವನು 6 ಕೊಡುತ್ತಾನೆ. ಒಂದೊಂದೇ ಆಣೆಯಂತೆ ಹದಿನಾರು ಸಲ ಕೊಟ್ಟವನಿಗೆ 96 ಪೈಸೆಯಲ್ಲಿ ರೂಪಾಯಿ ತೀರುತ್ತದೆ. ತುಸು ತುಸುವೇ ಕೊಳ್ಳುವ ಬಡವನಿಗೆ ಒಂದೇ ಕೋಷ್ಟಕ ಒಂದು ಮಟ್ಟದಲ್ಲಿ ನಷ್ಟ, ಇನ್ನೊಂದು ಮಟ್ಟದಲ್ಲಿ ಲಾಭ ಮಾಡುತ್ತಿತ್ತು. ಎಷ್ಟು ಮೊಟಕು ಮಾಡಿದೆ ಎಂಬುದಕ್ಕಿಂತ ಲೆಕ್ಕದ ಯಾವ ಹಂತದಲ್ಲಿ, ಎಷ್ಟು ಸಲ ಮೊಟಕು ಮಾಡಿದೆ ಎಂಬುದೇ ಫಲವನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಂಡಿಲ್ಲ. ಈ ಕೋಷ್ಟಕದ ದೊಡ್ಡ ಗುಣವೆಂದರೆ ಅದು ಗುಟ್ಟಾಗಿರಲಿಲ್ಲ. ಯಾರು ಬೇಕಾದರೂ ಓದಿ ವಾದಿಸಬಹುದಿತ್ತು.

ಕುತೂಹಲದ ಸಂಗತಿಯೊಂದಿದೆ. ಅರೆಯನ್ನು ಏನು ಮಾಡಬೇಕೆಂದು ಸ್ವತಂತ್ರ ಭಾರತ ಆಗಲೇ ಇನ್ನೊಂದು ಉತ್ತರ ಕಂಡುಕೊಂಡಿತ್ತು. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯ ಒಂದನೆಯ ಸಂಖ್ಯೆಯ ಮಾನಕ ರಾಷ್ಟ್ರಧ್ವಜಕ್ಕೆ ಸಂಬಂಧಿಸಿದ್ದು. ಎರಡನೆಯದು, 1949ರದು, ಸಂಖ್ಯೆಗಳನ್ನು ರೌಂಡ್ ಮಾಡುವ ನಿಯಮ; ಅದನ್ನು 1960ರಲ್ಲಿ ಪರಿಷ್ಕರಿಸಿದರು. ಉಕ್ಕು, ಸಿಮೆಂಟುಗಳಿಗಿಂತ ಮೊದಲು ಇದಕ್ಕೆ ಸಂಖ್ಯೆ ಸಿಕ್ಕಿತೆಂಬುದು ಆ ತಲೆಮಾರಿನ ವಿವೇಕಕ್ಕೆ ಗುರುತು: ಯಾವ ಅಳತೆಯನ್ನೇ ಆಗಲಿ ಮಾನಕವಾಗಿಸುವ ಮೊದಲು ಅಳತೆಯ ಕೊನೆಯ ಅಂಕಿಯನ್ನು ಹೇಗೆ ಬರೆಯಬೇಕೆಂದು ಒಪ್ಪಂದವಾಗಬೇಕು. ಸರಿಯಾಗಿ ಅರೆ ಉಳಿದರೆ ಸಮಸಂಖ್ಯೆಯ ಕಡೆಗೆ ತಿರುಗಿಸಿ ಎನ್ನುತ್ತದೆ ಆ ಮಾನಕ. ಹನ್ನೆರಡೂವರೆ 12 ಆಗುತ್ತದೆ, ಮೂವತ್ತೇಳೂವರೆ 38 ಆಗುತ್ತದೆ. ಅರ್ಧ ಸಲ ಮೇಲಕ್ಕೆ, ಅರ್ಧ ಸಲ ಕೆಳಕ್ಕೆ. ಉದ್ದನೆಯ ಲೆಕ್ಕದಲ್ಲಿ ಯಾರ ಕಡೆಗೂ ವಾಲುವುದಿಲ್ಲ. ಹಂತ ಹಂತವಾಗಿ ರೌಂಡ್ ಮಾಡಬೇಡಿ, ಒಂದೇ ಸಲ ಮಾಡಿ ಎಂಬುದೂ ಅದರ ಕಟ್ಟಳೆ. ನಾಣ್ಯದ ಕೋಷ್ಟಕ ಈ ದಾರಿ ಹಿಡಿಯದೆ ಅರೆಯನ್ನು ಪೂರ್ತಿ ಬಿಟ್ಟಿತು. ಮುಂದೆ 2017ರ ಜಿಎಸ್‌ಟಿ ಕಾಯ್ದೆಯ 170ನೆಯ ಕಲಂ ಐವತ್ತು ಪೈಸೆ ಮತ್ತು ಅದಕ್ಕೆ ಮೇಲ್ಪಟ್ಟಿದ್ದನ್ನು ಒಂದು ರೂಪಾಯಿಗೆ ಏರಿಸಿತು. ಒಂದೇ ದೇಶದ ನಾಣ್ಯದ ಕಾನೂನಿನಲ್ಲಿ ಅರೆ ಕೆಳಕ್ಕೆ ಹೋಯಿತು, ತೆರಿಗೆಯ ಕಾನೂನಿನಲ್ಲಿ ಮೇಲಕ್ಕೆ ಹೋಗುತ್ತದೆ, ಪ್ರಯೋಗಾಲಯದಲ್ಲಿ ಸಮಸಂಖ್ಯೆಯತ್ತ ಹೋಗುತ್ತದೆ. ಮೂರೂ ಬರಹದಲ್ಲಿವೆ, ಹಾಗಾಗಿ ಮೂರನ್ನೂ ಗೌರವಿಸಬಹುದು.

ತೊಂದರೆ ಶುರುವಾಗುವುದು ನಿಯಮ ಬರಹದಿಂದ ಜಾರಿ ಯಂತ್ರದೊಳಕ್ಕೆ ಇಳಿದಾಗ. 1979ರಲ್ಲಿ ವಿಸಿಕ್ಯಾಲ್ಕ್, 1985ರಲ್ಲಿ ಎಕ್ಸೆಲ್ ಬಂದ ಮೇಲೆ ಲೆಕ್ಕದ ಹಾಳೆಗೆ ಹಳೆಯ ಕಡತಕ್ಕಿಲ್ಲದ ಒಂದು ಸ್ವಭಾವ ಬಂತು. ಕಡತದಲ್ಲಿ ಬರೆದದ್ದೇ ಅಂಕಿ. ಸ್ಪ್ರೆಡ್‌ಶೀಟಿನಲ್ಲಿ ಕಾಣುವ ಅಂಕಿ ಬೇರೆ, ಒಳಗಿರುವ ಅಂಕಿ ಬೇರೆ. ಮೂರು ಚೀಲ ಕೊಬ್ಬರಿ ತೂಗಿದೆ ಎನ್ನಿ, ಒಂದೊಂದೂ 41.4 ಕಿಲೋ. ದಶಮಾಂಶ ಕಡಿಮೆ ಮಾಡುವ ಬಟನ್ ಒತ್ತಿದರೆ ಹಾಳೆ 41, 41, 41 ಎಂದು ತೋರಿಸುತ್ತದೆ. ಕೆಳಗೆ ಮೊತ್ತ 124. ಕಂಡದ್ದನ್ನು ಕೂಡಿದರೆ 123. ಎರಡೂ ತಪ್ಪಲ್ಲ: ಒಳಗೆ ಇರುವುದು 124.2, ತೆರೆಯ ಮೇಲೆ ಇರುವುದು ಅದರ ವೇಷ. ಇದೇ ಹಾಳೆಯಲ್ಲಿ ರೌಂಡ್ ಸೂತ್ರ ಹಾಕಿದ್ದರೆ ಪ್ರತಿ ಚೀಲವೂ ನಿಜವಾಗಿ 41 ಆಗಿ ಮೊತ್ತ 123ಕ್ಕೆ ನಿಲ್ಲುತ್ತದೆ, ಕಿಲೋ 200 ಗ್ರಾಂ ಮತ್ತೆ ಸಿಗುವುದಿಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ದರದಲ್ಲಿ ಅದು ಮೂರು ಚೀಲಕ್ಕೆ 144 ರೂಪಾಯಿ. ಎಕ್ಸೆಲ್‌ನಲ್ಲಿ ಕಂಡಷ್ಟನ್ನೇ ನಿಜವೆಂದು ಉಳಿಸಿಕೊಳ್ಳುವ ಆಯ್ಕೆಯೂ ಇದೆ; ಅದನ್ನು ಒಪ್ಪಿದರೆ ಮುಚ್ಚಿಟ್ಟಿದ್ದ ಅಂಕಿಗಳು ಶಾಶ್ವತವಾಗಿ ಅಳಿಯುತ್ತವೆ. ಅದೇ ಎಕ್ಸೆಲ್ ಹಾಳೆಯ ರೌಂಡ್ ಸೂತ್ರ ಎರಡೂವರೆಯನ್ನು ಮೂರು ಮಾಡಿದರೆ, ಅದರ ಮ್ಯಾಕ್ರೋ ಭಾಷೆಯ ರೌಂಡ್ ಎರಡು ಮಾಡುತ್ತದೆ. ಯಾವುದನ್ನು ಬಳಸಿದೆ ಎಂದು ಮುದ್ರಿತ ಪಟ್ಟಿ ನೋಡಿ ಹೇಳಲಾಗದು.

ಇಲ್ಲಿ ಹಳೆಯ ಆಣೆಗೆ ಸಲ್ಲಬೇಕಾದ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಒಳಗೆ ಎಣಿಸುವುದು ಎರಡರ ಲೆಕ್ಕದಲ್ಲಿ, ಅರೆ, ಕಾಲು, ಅರೆಕಾಲುಗಳಲ್ಲಿ. ರೂಪಾಯಿಯ ಹದಿನಾರನೆಯ ಪಾಲಾದ ಆಣೆ, 0.0625, ಅದರ ನೆನಪಿನಲ್ಲಿ ಚೂರೂ ಮುಕ್ಕಾಗದೆ ಕೂರುತ್ತದೆ. ರೂಪಾಯಿಯ ಹತ್ತನೆಯ ಪಾಲಾದ ಹತ್ತು ಪೈಸೆ, 0.10, ಕೂರುವುದಿಲ್ಲ, ಮೂರನೆಯ ಒಂದು ಪಾಲು ದಶಮಾಂಶದಲ್ಲಿ ಮುಗಿಯದೆ ಹರಿಯುವಂತೆ ಹತ್ತನೆಯ ಒಂದು ಪಾಲು ಎರಡರ ಲೆಕ್ಕದಲ್ಲಿ ಮುಗಿಯದೆ ಹರಿಯುತ್ತದೆ, ಯಂತ್ರ ಎಲ್ಲೋ ಒಂದು ಕಡೆ ಕತ್ತರಿಸುತ್ತದೆ. ವೀಸ, ಹಾಗಗಳ ಮಂದಿ ಇಂದಿನ ಯಂತ್ರಕ್ಕೆ ನಮಗಿಂತ ಹತ್ತಿರದ ನೆಂಟರು. ಈ ಕತ್ತರಿಯ ದೋಷ ಅತಿ ಸೂಕ್ಷ್ಮವಾದದ್ದು, ಕೊಬ್ಬರಿಯ ಪಟ್ಟಿಯನ್ನು ಕೆಡಿಸುವಂಥದ್ದಲ್ಲ. ಇನ್ನಷ್ಟು ದಶಮಾಂಶ ಸ್ಥಾನ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಮಾತ್ರ ಅದು ಉತ್ತರ ಹೇಳುತ್ತದೆ. ಹದಿನೈದು ಸ್ಥಾನ ತೋರಿಸಿದರೂ ಕೊನೆಯಲ್ಲಿ ಎಲ್ಲೋ ಕತ್ತರಿಸಲೇಬೇಕು. ಸ್ಥಾನ ಹೆಚ್ಚಿದಷ್ಟೂ ಪಟ್ಟಿ ಓದಲಾಗದಂತೆ ಆಗುತ್ತದೆ, ಓದಲಾಗದ ಪಟ್ಟಿಯಿಂದ ರೈತನಿಗೆ ರಕ್ಷಣೆಯಿಲ್ಲ.

ಇನ್ನೆರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮೊದಲನೆಯದು, ಚಿಲ್ಲರೆ ಆಚೀಚೆಯಾಗಿ ಕೊನೆಗೆ ಸಮವಾಗುತ್ತದೆ ಎಂಬುದು. ಹತ್ತಿರದ ಅಂಕಿಗೆ ರೌಂಡ್ ಮಾಡಿದಾಗ ಈ ಮಾತು ಸರಿ, ಬರೀ ಕತ್ತರಿಸಿದಾಗ ಸರಿಯಲ್ಲ. ನೂರು ಗ್ರಾಂ ಭಾಗದ ತಕ್ಕಡಿಯಲ್ಲಿ ತೂಗಿದ ಚೀಲಗಳ ತೂಕವನ್ನು ಹತ್ತಿರದ ಭಾಗಕ್ಕೆ ಬರೆದರೆ ಹೆಚ್ಚು ಕಡಿಮೆ ಎರಡೂ ಆಗಿ ಸರಾಸರಿ ನಷ್ಟ ಸೊನ್ನೆ. ಯಾವಾಗಲೂ ಕೆಳಗಿನ ಭಾಗಕ್ಕೇ ಬರೆದರೆ ಚೀಲಕ್ಕೆ ಸರಾಸರಿ ಐವತ್ತು ಗ್ರಾಂ, 12,000ದ ದರದಲ್ಲಿ ಆರು ರೂಪಾಯಿ, ನೂರು ಚೀಲಕ್ಕೆ ಆರುನೂರು. ಕೆನಡಾದ ವ್ಯಾಂಕೂವರ್ ಷೇರುಪೇಟೆ ಇದರ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿಯಿತು. 1982ರ ಜನವರಿಯಲ್ಲಿ 1,000ದಿಂದ ಶುರುವಾದ ಅದರ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಬಾರಿ ಲೆಕ್ಕ ಹಾಕಿ, ಪ್ರತಿ ಸಲವೂ ಮೂರನೆಯ ದಶಮಾಂಶದ ಆಚೆಗಿನದನ್ನು ಕತ್ತರಿಸುತ್ತಿದ್ದರು. 1983ರ ನವೆಂಬರಿನಲ್ಲಿ ಅದು 524.811 ತೋರಿಸುತ್ತಿತ್ತು, ಸರಿಪಡಿಸಿದಾಗ 1098.892 ಬಂತು. ಅರ್ಧಕ್ಕಿಂತ ಹೆಚ್ಚನ್ನು ತಿಂದದ್ದು ಸಾವಿರದ ಒಂದು ಪಾಲಿಗಿಂತ ಕಿರಿದಾದ ಚೂರುಗಳು.

ಎರಡನೆಯ ಆಕ್ಷೇಪ ಕೊಬ್ಬರಿಯನ್ನು ಬಲ್ಲವರದು, ಹಾಗಾಗಿ ಹೆಚ್ಚು ಗಟ್ಟಿಯಾದದ್ದು. ಕೊಬ್ಬರಿ ಒಣಗುತ್ತಲೇ ಇರುತ್ತದೆ. ಇಂದಿನ ತೂಕ ನಾಳೆಗಿಲ್ಲ. ವಸ್ತುವೇ ಗ್ರಾಂಗಳನ್ನು ಕಳೆದುಕೊಳ್ಳುತ್ತಿರುವಾಗ ಅಂಕಿಯ ಗ್ರಾಂಗಳ ಬಗ್ಗೆ ಏಕೆ ತಲೆಕೆಡಿಸಿಕೊಳ್ಳಬೇಕು? ತೇವ ಆರುವುದು ಎರಡೂ ಕಡೆಯವರಿಗೆ ಗೊತ್ತಿದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಧಾರಣೆ ಕೂಗುತ್ತಾರೆ. ಹರಾಜಿನಲ್ಲಿ ತೇವಕ್ಕೆ ಒಂದು ಬೆಲೆ ಬಿದ್ದಿರುತ್ತದೆ. ಪಟ್ಟಿಯಲ್ಲಿ ಕಾಣದಂತೆ ಕತ್ತರಿಸಿದ ಚೂರಿಗೆ ಅಂಥ ಬೆಲೆ ಬಿದ್ದಿರುವುದಿಲ್ಲ, ಏಕೆಂದರೆ ಮಾರುವವನಿಗೆ ಅದು ಇದ್ದದ್ದೇ ತಿಳಿದಿಲ್ಲ. 1939ರ ಮೈಸೂರು ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಿಂದ 1966ರ ಕಾಯ್ದೆಯವರೆಗೆ ಶಾಸಕರು ಹೆಣಗಿದ್ದು ಹೀಗೆ ತಿಳಿಯದೆ ಹೋಗುವುದನ್ನು ತಡೆಯಲಿಕ್ಕೇ: ಬಹಿರಂಗ ಹರಾಜು, ಪರವಾನಗಿ ಪಡೆದ ತೂಕದಾರ, ನಿಗದಿತ ಖರ್ಚುಗಳನ್ನು ಬಿಟ್ಟು ಬೇರೆ ಮುರಿತಕ್ಕೆ ನಿಷೇಧ. ಗ್ರಾಂ ಉಳಿಸುವುದಕ್ಕಿಂತ ಗ್ರಾಂ ಎಲ್ಲಿ ಹೋಯಿತೆಂದು ತೋರಿಸುವುದೇ ಆ ಕಾನೂನುಗಳ ಮುಖ್ಯ ಕೆಲಸವಾಗಿತ್ತು.

ಹಣದ ಭಾಗದಲ್ಲಿ ಈಗ ರೌಂಡ್ ಮಾಡುವ ಅಗತ್ಯವೇ ಬಹುಮಟ್ಟಿಗೆ ಕಳೆದಿದೆ. ಪೈಸೆ ಬಿಡಲು ಹಿಂದೆ ಕಾರಣವಿತ್ತು, ಕೊಡಲು ನಾಣ್ಯ ಬೇಕಿತ್ತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ಕೊನೆಗೊಂಡಿತು. ಬೆಲೆ ನೇರ ಬ್ಯಾಂಕ್ ಖಾತೆಗೆ ಬರುವಾಗ ಪೈಸೆ ಪೈಸೆಯಾಗಿಯೇ ಬರಬಲ್ಲದು. ರೌಂಡ್ ಮಾಡಲೇಬೇಕೆಂದರೆ ಅದಕ್ಕೂ ಒಳ್ಳೆಯ ಮಾದರಿ ಮನೆಯಲ್ಲೇ ಇದೆ. ಬೆಂಗಳೂರಿನ ಟ್ಯಾಲಿ ತಂತ್ರಾಂಶದಲ್ಲಿ ರೌಂಡ್ ಆಫ್‌ಗೆಂದೇ ಪ್ರತ್ಯೇಕ ಖಾತೆ ತೆರೆಯಬಹುದು. ಮೇಲಕ್ಕೋ, ಕೆಳಕ್ಕೋ, ಹತ್ತಿರದ್ದಕ್ಕೋ ಎಂದು ಮೊದಲೇ ಆರಿಸಬೇಕು. ಬಿಟ್ಟ ಅಥವಾ ಸೇರಿಸಿದ ಪೈಸೆ ಬಿಲ್ಲಿನಲ್ಲಿ ತನ್ನದೇ ಸಾಲಿನಲ್ಲಿ ನಿಲ್ಲುತ್ತದೆ. ವರ್ಷದ ಕೊನೆಗೆ ಆ ಖಾತೆಯ ಮೊತ್ತ ನೋಡಿದರೆ ಚೂರುಗಳೆಲ್ಲ ಒಂದೇ ಕಡೆಗೆ ಹೋದವೇ ಇಲ್ಲವೇ ಎಂದು ಯಾರು ಬೇಕಾದರೂ ಹೇಳಬಲ್ಲರು. ತೂಕಕ್ಕೆ ಇಂಥ ಸಾಲು ಇನ್ನೂ ಬಂದಿಲ್ಲ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಕೊಬ್ಬರಿಯ ತೂಕದ ಚೀಟಿಯಲ್ಲಿ ಮೂರು ಅಂಕಿಗಳು ಅಚ್ಚಾಗಬೇಕು: ತಕ್ಕಡಿಯ ಒಂದು ಭಾಗ ಎಷ್ಟು ಗ್ರಾಂ, ಚೀಲಕ್ಕೆಂದು ಕಳೆದ ತೂಕ ಎಷ್ಟು, ಮತ್ತು ಎಲ್ಲ ಚೀಲಗಳನ್ನೂ ಕೂಡಿದ ಮೇಲೆ ಒಂದೇ ಒಂದು ಸಲ ರೌಂಡ್ ಮಾಡಿದ್ದರೆ ಬಿಟ್ಟದ್ದು ಅಥವಾ ಸೇರಿಸಿದ್ದು ಎಷ್ಟು. ಒಂದು ಅಂಗೈಯಗಲದ ಕಾಗದದಲ್ಲಿ ಇದಕ್ಕೆ ಮೂರು ಗೆರೆ ಸಾಕು.